ಹಂಡೆಯ ಮೇಲಿನ ಹೆಸರು

ಪ್ರತಿ ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ದೇಶ ಎರಡು ನಿಮಿಷ ಮೌನವಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಮೌನ ಮುಗಿದ ಮೇಲೆ ಮಾತು ಆರಂಭವಾಗುತ್ತದೆ. 1948ರಲ್ಲಿ ನನ್ನ ತಂದೆಗೆ 7 ವರ್ಷ, ಸೋದರತ್ತೆಗೆ 11. ಗಾಂಧೀಜಿಯ ಹತ್ಯೆಯ ಸುದ್ದಿ ಊರಿಗೆ ಬಂದ ಬಗೆಯನ್ನು ಇಬ್ಬರೂ ಹೇಳುತ್ತಾರೆ. ಅದು ನಮಗೆಲ್ಲ ಬಾಯಿಪಾಠ. ಚಿಕ್ಕೋಡಿ ತಾಲೂಕಿನ, ದೂಧಗಂಗೆಯ ದಂಡೆಯ ಹಳ್ಳಿ, ರೇಡಿಯೋ ಇಲ್ಲ. ಹೊತ್ತು ಮುಳುಗುವ ಮುನ್ನ ಊಟ ಮುಗಿದಿತ್ತು. ರಾತ್ರಿ ನಿಪ್ಪಾಣಿಯಿಂದ ಮರಳಿದ ಗಾಡಿಯವರು ಸುದ್ದಿ ತಂದರು. ಮರುದಿನ ಒಲೆ ಹೊತ್ತಲಿಲ್ಲ. ಅಜ್ಜ ಉಪವಾಸವಿದ್ದು ದಿನವಿಡೀ ಬಸದಿಯಲ್ಲಿ ಕುಳಿತರು. ಶ್ರೀಮದ್ ರಾಜಚಂದ್ರರನ್ನು ಅಷ್ಟು ಗೌರವದಿಂದ ಕಂಡಿದ್ದ ಗಾಂಧೀಜಿ ಜೈನ ಮನೆಗಳಿಗೆ ಹೊರಗಿನವರಾಗಿರಲಿಲ್ಲ.

ಬಹುಕಾಲ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ನಿಲ್ಲಬಾರದೆಂಬುದು ಚರಿತ್ರೆಯನ್ನು ಓದಿದ ಮೇಲೆ ನನಗೆ ಹೊಳೆದದ್ದು. ಹಂತಕನು ಮಹಾರಾಷ್ಟ್ರದ ಬ್ರಾಹ್ಮಣನೆಂದು ತಿಳಿದ ಮೇಲೆ ಪುಣೆ, ಸಾತಾರಾ, ಸಾಂಗಲಿ, ಕೊಲ್ಹಾಪುರದ ಸೀಮೆಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತು. ಕೊಲ್ಹಾಪುರದಲ್ಲಿ ಚಿತ್ರನಿರ್ದೇಶಕ ಭಾಲಜಿ ಪೆಂಢಾರಕರರ ಸ್ಟುಡಿಯೋ ಸುಟ್ಟುಹೋಯಿತು. ವ್ಯಂಕಟೇಶ ಮಾಡಗೂಳಕರರು ಈ ದಿನಗಳನ್ನೇ ವಸ್ತುವಾಗಿಸಿಕೊಂಡು ಮರಾಠಿಯಲ್ಲಿ ‘ವಾವಟಳ’ ಕಾದಂಬರಿ ಬರೆದರು. ಅಮೆರಿಕದ ವಿದ್ವಾಂಸೆ ಮೌರೀನ್ ಪ್ಯಾಟರ್ಸನ್ ಇದನ್ನು ಕುರಿತು ಸಂಶೋಧನೆ ಮಾಡಿದರು. ಅಹಿಂಸೆಯ ಪ್ರತಿಪಾದಕನಿಗಾಗಿ ಮಿಡಿದ ಶೋಕವೇ ಹೀಗೆ ಹಿಂಸೆಗೆ ನೆಪವಾಯಿತು. ನಮ್ಮ ಊರಿಗೂ ಕೊಲ್ಹಾಪುರ ಸಂಸ್ಥಾನಕ್ಕೂ ನಡುವೆ ಇದ್ದದ್ದು ಒಂದು ಹೊಳೆ ಮಾತ್ರ.

ಕೆಲವು ವರ್ಷಗಳ ಹಿಂದೆ ನಾನು ಅತ್ತೆಯನ್ನು ನೇರವಾಗಿ ಕೇಳಿದೆ. ಆಚೆ ದಂಡೆಯಲ್ಲಿ ಹೊಗೆ ಕಂಡದ್ದನ್ನು ಅವರು ಹೇಳಿದರು. ಅದೊಂದು ಕುಲಕರ್ಣಿ ಮನೆತನದ ವಾಡೆ. ಆ ಕುಟುಂಬ ರಾತ್ರೋರಾತ್ರಿ ಹೊರಟುಹೋಯಿತು, ಮರಳಲಿಲ್ಲ. ಅದಾಗಿ ಕೆಲವು ದಿನಗಳಿಗೆ ನಮ್ಮ ಬಚ್ಚಲಮನೆಗೆ ಒಂದು ತಾಮ್ರದ ಹಂಡೆ ಬಂದಿತು. ಅದರ ಕಂಠದ ಮೇಲೆ ನಾಗರಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ನಮ್ಮದಲ್ಲ.

ತಂದೆ ಒಪ್ಪಲಿಲ್ಲ. “ಅಪ್ಪಾ ಅದನ್ನ ಕಾಯ್ದಿಟ್ಟಿದ್ರು ಅಕ್ಕಾ. ತಮ್ಮದು ಅಂದುಕೊಂಡಿದ್ರ ತಮ್ಮ ಹೆಸರು ಹಾಕಸ್ತಿದ್ದಿಲ್ಲೇನು?”

“ಕಾಯ್ದಿಟ್ಟಿದ್ರ, ತಮ್ಮಾ, ಅದರಾಗ ನೀರು ಯಾಕ ಕಾಸಿದ್ವಿ?”

ಈ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರಲಿಲ್ಲ; ನನ್ನ ಬಳಿಯೂ ಇಲ್ಲ. ಆದರೆ ಪ್ರಶ್ನೆಯನ್ನು ಇಡಬೇಕಾದ ಜಾಗ ನಮ್ಮ ಪರಂಪರೆಯಲ್ಲಿಯೇ ಇದೆ. ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಎಂದು ಕರ್ಮಾಸ್ರವದ ಮೂರು ದಾರಿಗಳನ್ನು ಎಣಿಸುತ್ತದೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಮನಗೊಟ್ಟದ್ದು. ಅಜ್ಜ ಬೆಂಕಿ ಇಟ್ಟವರಲ್ಲ, ಇಡಿಸಿದವರೂ ಅಲ್ಲ. ಉಳಿಯುವುದು ಮೂರನೆಯದು. ಜನ್ನನ ‘ಯಶೋಧರ ಚರಿತೆ’ಯನ್ನು ತರಗತಿಯಲ್ಲಿ ಪಾಠ ಮಾಡುವಾಗ, ಹಿಟ್ಟಿನ ಕೋಳಿಗೆ ಇಷ್ಟೊಂದು ಭವಗಳ ಶಿಕ್ಷೆಯೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಸಂಕಲ್ಪಹಿಂಸೆ ಎಂದು ಪಾರಿಭಾಷಿಕವಾಗಿ ವಿವರಿಸಿ ಮುಂದೆ ಹೋಗುತ್ತಿದ್ದೆ. ಈಗ ಅಷ್ಟು ಸುಲಭವಾಗಿ ಮುಂದೆ ಹೋಗಲಾಗುವುದಿಲ್ಲ. ಜನ್ನ ರಕ್ತವನ್ನು ಅಳೆಯುತ್ತಿಲ್ಲ, ಸಮ್ಮತಿಯನ್ನು ಅಳೆಯುತ್ತಿದ್ದಾನೆ.

ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವ ಸಂಶೋಧಕರು ಹಿರಿಯರನ್ನು ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ?’ ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆ ಶೋಕವನ್ನು ಮಾತ್ರ ಹೊರತರುತ್ತದೆ. ಶೋಕದಲ್ಲಿ ಎಲ್ಲರೂ ನಿರಪರಾಧಿಗಳು. ಅದರ ಮುಂದಿನ ವಾರ ಊರಿನಿಂದ ಯಾರು ಹೋದರು, ಮನೆಗೆ ಏನು ಬಂತು ಎಂದೂ ಕೇಳಬೇಕು. ಹಿರಿಯರ ಮನಸ್ಸು ನೋಯಿಸಬಾರದೆಂಬ ಸಂಕೋಚ ನನಗೂ ಇತ್ತು. ನೋಯಿಸಿದ್ದೂ ನಿಜ: ಅಂದು ತಂದೆ ಊಟಕ್ಕೆ ಏಳಲಿಲ್ಲ. ಆದರೂ ಕೇಳದೆ ಇದ್ದಿದ್ದರೆ ಅಜ್ಜನ ಉಪವಾಸವೊಂದೇ ನಮ್ಮ ಮನೆತನದ ಇತಿಹಾಸವಾಗಿ ಉಳಿಯುತ್ತಿತ್ತು. ಆ ಉಪವಾಸ ಸುಳ್ಳೆಂದು ನಾನು ಭಾವಿಸಿಲ್ಲ. ಹಂಡೆ ಮನೆಯೊಳಗೆ ಬಂದಾಗ ಅವರ ಮನಸ್ಸಿನಲ್ಲಿ ಏನಿತ್ತೆಂಬುದು ಅದರಿಂದ ತಿಳಿಯುವುದಿಲ್ಲ, ಅಷ್ಟೆ.

ಈ ವರ್ಷ ಅತ್ತೆ ಅಟ್ಟದಿಂದ ಹಂಡೆಯನ್ನು ಇಳಿಸಲು ಹೇಳಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸಿದರು. ಮೊದಲ ಹೆಸರು ಸ್ಪಷ್ಟವಾಗಿದೆ. ಊರಿನ ಹೆಸರಿನಲ್ಲಿ ಎರಡು ಅಕ್ಷರ ಸವೆದಿವೆ. ತಂದೆ ಸ್ವಲ್ಪ ಹೊತ್ತು ದೂರದಲ್ಲೇ ಕುಳಿತಿದ್ದು, ಆಮೇಲೆ ತಮ್ಮ ಕನ್ನಡಕ ತರಲು ಹೇಳಿದರು.