ಟೋಪಿ, ಕೀಲುಕುದುರೆ ಮತ್ತು ಹಿಟ್ಟಿನ ಕೋಳಿ

ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಹಿಂದಿಯಲ್ಲೂ ಆ ನುಡಿಗಟ್ಟು ಹೆಚ್ಚುಕಡಿಮೆ ಹಾಗೆಯೇ ಇದೆ. ಬೆಂಗಳೂರಿನ ಸ್ವರಾತ್ಮ ತಂಡವು 2012ರಲ್ಲಿ ಹೊರತಂದ ತನ್ನ ಎರಡನೆಯ ಧ್ವನಿಸಂಪುಟಕ್ಕೆ 'ಟೋಪಿವಾಲೆ' ಎಂದು ಹೆಸರಿಟ್ಟಾಗ ಎರಡೂ ಭಾಷೆಯ ಕೇಳುಗರಿಗೆ ಟೀಕುತಾತ್ಪರ್ಯ ಬೇಕಾಗಲಿಲ್ಲ. ಶೀರ್ಷಿಕೆಗೀತೆಯ ಗುರಿ ರಾಜಕಾರಣಿ. ಇನ್ನೊಂದು ಹಾಡಿನದು ಸುದ್ದಿಯನ್ನು ಸರಕಾಗಿಸಿದ ಮಾಧ್ಯಮ. ಇಂಥ ಕೃತಿಯನ್ನು ಸಾಹಿತ್ಯದ ತರಗತಿಯಲ್ಲಿ ಓದಬೇಕೆ ಎಂದು ಕೇಳುವವರಿದ್ದಾರೆ. ಓದಬೇಕು ಎಂಬುದೇ ನನ್ನ ನಿಲುವು. ಆದರೆ ಜನಪ್ರಿಯವೆಂಬ ರಿಯಾಯಿತಿ ತೋರದೆ, ಕಾವ್ಯಕ್ಕೆ ಒಡ್ಡುವ ಒರೆಗಲ್ಲನ್ನೇ ಒಡ್ಡಿ ಓದಬೇಕು.

ಈ ತಂಡದ ಗಾಯಕ ವಾಸು ದೀಕ್ಷಿತರು ವೇದಿಕೆಗೆ ಕೀಲುಕುದುರೆ ತೊಟ್ಟು ಬರುವುದುಂಟು. ಕುದುರೆ ನಿಜವಲ್ಲವೆಂದು ಎಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ಅದು ಆಟ. ಸುಳ್ಳನ್ನು ಸುಳ್ಳೆಂದು ಮೊದಲೇ ಸಾರಿ, ಆ ಮೂಲಕ ಬೇರೊಂದು ಸುಳ್ಳನ್ನು ಬಯಲಿಗೆಳೆಯುವ ಈ ಬಗೆ ಹೊಸದಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ಕೃತಿ 'ಧೂರ್ತಾಖ್ಯಾನ'ದಲ್ಲಿ ಉಜ್ಜಯಿನಿಯ ಹೊರವಲಯದಲ್ಲಿ ಸೇರಿದ ಧೂರ್ತರು ಪೈಪೋಟಿಯಿಂದ ಸುಳ್ಳು ಹೇಳುತ್ತಾರೆ. ಗೆಲ್ಲುವವಳು ಖಂಡಪಾನಾ ಎಂಬ ಹೆಂಗಸು. ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಪಂಥದಲ್ಲೂ ಇದಕ್ಕೆ ಜೋಡಿ ಸಿಗುತ್ತದೆ. ಜೆತ್ರೋ ಟಲ್ ತಂಡದ 'ಥಿಕ್ ಆ್ಯಸ್ ಎ ಬ್ರಿಕ್' (1972) ಧ್ವನಿಮುದ್ರಿಕೆಯ ಎರಡೂ ಬದಿಗಳನ್ನು ಒಂದೇ ಹಾಡು ತುಂಬಿದೆ. ಅದರ ಸಾಹಿತ್ಯ ಎಂಟು ವರ್ಷದ ಜೆರಾಲ್ಡ್ ಬಾಸ್ಟಾಕ್ ಎಂಬ ಬಾಲಕನ ಕವಿತೆಯೆಂದು ಹೊದಿಕೆಯಲ್ಲಿ ಅಚ್ಚಾಗಿತ್ತು. ಹೊದಿಕೆಯೇ 12 ಪುಟಗಳ ಹುಸಿ ಪತ್ರಿಕೆ. ಬಾಲಕ ಇರಲೇ ಇಲ್ಲ. ಬರೆದವರು ಇಯಾನ್ ಆಂಡರ್ಸನ್. ನಂಬಿದವರೂ ಇದ್ದರು ಎಂಬಲ್ಲಿ ಆ ವಿಡಂಬನೆಯ ಮೊನೆಯಿದೆ: ನಗೆಪಾಟಲಾಗುವವನು ಹಾಡಿನೊಳಗಿನ ಪಾತ್ರವಲ್ಲ, ಮುದ್ರಿಕೆಯನ್ನು ಕೈಯಲ್ಲಿ ಹಿಡಿದ ಕೇಳುಗ.

'ಟೋಪಿವಾಲೆ'ಯ ಶೀರ್ಷಿಕೆಗೀತೆಗೆ ಈ ಮೊನೆಯಿಲ್ಲ. ಅಲ್ಲಿ ಮೋಸ ಮಾಡುವವನು ಸದಾ ಇನ್ನೊಬ್ಬ. ನಾವು ಮೋಸಹೋದವರ ಸಾಲಿನಲ್ಲಿ ಸುರಕ್ಷಿತವಾಗಿ ನಿಂತು ಚಪ್ಪಾಳೆ ತಟ್ಟಬಹುದು. ಆದರೆ ಟೋಪಿ ಹಾಕಿಸಿಕೊಳ್ಳುವ ತಲೆಗೂ ಒಂದು ಇತಿಹಾಸವಿರುತ್ತದೆ.

ತರೀಕೆರೆಯ ಸೀಮೆಗೆ ಇದು ಚೆನ್ನಾಗಿ ಗೊತ್ತು. 1830ರಲ್ಲಿ ಸಾದರಮಲ್ಲನೆಂಬಾತ ಬೂದಿ ಬಸವಪ್ಪನಾಯಕನೆಂಬ ಹೆಸರು ತಳೆದು, ತಾನು ಕೆಳದಿ ಅರಸರ ಗಾದಿಗೆ ಹಕ್ಕುದಾರನೆಂದು ಸಾರಿದ. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ದಂಗೆಯೆದ್ದ. ರೈತರು ಕೂಟ ಕಟ್ಟಿದರು. ದಂಗೆ ಅಡಗಿತು, ಆದರೆ ಅದನ್ನೇ ನೆಪವಾಗಿಸಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡರು. ಬಸವಪ್ಪನ ವಂಶಾವಳಿ ಹುಸಿ. ಅವನ ಬೆನ್ನಿಗೆ ನಿಂತವರ ಕಂದಾಯದ ಸಂಕಟವಾಗಲಿ, ಅಧಿಕಾರಿಗಳಿಂದ ಅವರು ಉಂಡ ದಬ್ಬಾಳಿಕೆಯಾಗಲಿ ಹುಸಿಯಲ್ಲ. ಆ ರೈತರನ್ನು ಮರುಳರೆಂದು ಬದಿಗೆ ಸರಿಸುವ ಇತಿಹಾಸಕಾರ ದಂಗೆಯ ಕಾರಣವನ್ನೇ ಕಳೆದುಕೊಳ್ಳುತ್ತಾನೆ. ನಿಜವಾದ ನೋವಿಗೆ ಬಾಯಿಲ್ಲದಾಗ ಅದು ಸುಳ್ಳಿನ ಬಾಯನ್ನು ಎರವಲು ಪಡೆಯಿತು. ನಮ್ಮ ಕಾಲದ ವಂಚನೆಯ ಬಗ್ಗೆ ಹಾಡುವವರು ಈ ಕಡೆಗೂ ಕಿವಿಗೊಡಬೇಕಿತ್ತು ಎಂಬುದು ನನ್ನ ತಕರಾರು.

ಇನ್ನು ಜನ್ನ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯದ ಶಾಸನದ ಪದ್ಯಗಳು ಅವನವು. ಜೈನಕವಿಯೊಬ್ಬ ಶಿವಾಲಯಕ್ಕೆ ಬರೆದ ಶಾಸನವೆಂಬುದು ಬೇರೆಯೇ ಲೇಖನಕ್ಕೆ ವಸ್ತು. ಇಲ್ಲಿ ನನಗೆ ಮುಖ್ಯವಾದದ್ದು ಕಾಲದ ಅಂತರ. ಪ್ರಶಸ್ತಿಯ ಭಾಷೆಯಲ್ಲಿ, ಎಂದರೆ ಹೊಗಳುವುದೇ ಕೆಲಸವಾದ ಭಾಷೆಯಲ್ಲಿ, ಪಳಗಿದ ಆ ಕೈಯೇ 1209ರಲ್ಲಿ 'ಯಶೋಧರ ಚರಿತೆ'ಯನ್ನು ಬರೆಯಿತು. ಅದರಲ್ಲಿ ವಂಚನೆ ಒಬ್ಬರ ಸೊತ್ತಲ್ಲ. ರಾಣಿ ಅಮೃತಮತಿ ಅರಸನನ್ನು ವಂಚಿಸಿ ಅಷ್ಟಾವಂಕನ ಬಳಿ ಹೋಗುತ್ತಾಳೆ. ಕಂಡ ಅರಸ ಅದನ್ನು ತಾಯಿಗೆ ಹೇಳದೆ ಕನಸಿನ ಕಥೆಯೊಂದನ್ನು ಹೊಸೆಯುತ್ತಾನೆ. ತಾಯಿ ಬಲಿ ಬೇಡುತ್ತಾಳೆ. ಕೊಲ್ಲಲು ಒಲ್ಲದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ತಾಗಿದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಹಿಟ್ಟು ತಾನೇ ಎಂದು ಅರಸ ತನಗೆ ತಾನೇ ಹಾಕಿಕೊಂಡ ಟೋಪಿ ಆ ಕೂಗಿಗೆ ಹಾರಿಹೋಗುತ್ತದೆ, ಮುಂದಿನ ಜನ್ಮಗಳ ಅಲೆದಾಟ ಅಲ್ಲಿಂದಲೇ ಮೊದಲಾಗುತ್ತದೆ. 300ಕ್ಕೂ ಮಿಕ್ಕ ಪದ್ಯಗಳ ಈ ಕಿರುಕಾವ್ಯದಲ್ಲಿ ಓದುಗನಿಗೆ ಕೈ ತೊಳೆದುಕೊಳ್ಳಲು ತಾವಿಲ್ಲ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಅದೇ ಕೂಗಿಗೆ ಮರಳಿದ್ದು ಆಕಸ್ಮಿಕವಲ್ಲ.

ಜೈನಶಾಸ್ತ್ರ ಸತ್ಯವನ್ನು ವ್ರತವೆಂದು ಎಣಿಸುತ್ತದೆ. ವ್ರತವೆಂದರೆ ತಾನು ತಾಳುವಂಥದು, ಮತ್ತೊಬ್ಬರ ಮೇಲೆ ಹೊರಿಸುವ ಆರೋಪವಲ್ಲ. ಕಡೂರಿನ 971ರ ಶಾಸನ ನೆನೆಯುವ ಪಾಂಬಬ್ಬೆ, ಗಂಗ ಬೂತುಗನ ಅಕ್ಕ, ಕೇಶಲೋಚ ಮಾಡಿಕೊಂಡು 30 ವರ್ಷ ನಡೆಸಿದ್ದು ಈ ಅರ್ಥದ ಬದುಕನ್ನೇ. ಈ ಒರೆಗಲ್ಲಿಗೆ ತಿಕ್ಕಿದರೆ ಸ್ವರಾತ್ಮದ ಸಂಪುಟದಲ್ಲಿ ಉಳಿಯುವುದು ಶೀರ್ಷಿಕೆಗೀತೆಯಲ್ಲ, 'ಘುಮ್' ಎಂಬ ಹಾಡು. ಅದರ ವಸ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಇಂಥ ಸುಳ್ಳಿಗೆ ನೆಲೆ ವಿಧಾನಸೌಧವಲ್ಲ, ಬಹಳ ಸಲ ಮನೆಯೇ. ಕಾವಲು ಕಾಯುವುದು ಹತ್ತಿರದವರ ಮೌನ. ಕೇಳುಗ ಇಲ್ಲಿ ಚಪ್ಪಾಳೆ ತಟ್ಟಲಾರ. ಸಂಪುಟವಿಡೀ ಈ ದಿಕ್ಕಿಗೆ ಹೊರಳಿದ್ದರೆ ಅದರ ತೂಕವೇ ಬೇರೆಯಾಗುತ್ತಿತ್ತು.

ಸುಳ್ಳು ಬಯಲಾದರೆ ಸಾಕು, ಲೋಕ ನೆಟ್ಟಗಾಗುತ್ತದೆ ಎಂಬ ನಂಬಿಕೆ ರಾಕ್ ಗೀತೆಗಳಲ್ಲಿ ಮಾತ್ರವಲ್ಲ, ನಮ್ಮ ವಿಮರ್ಶೆಯಲ್ಲೂ ಇದೆ. ಹಾಗೆ ನಂಬುವವರು ಅಜ್ಜಂಪುರ ಸೀತಾರಾಮರ, ಎಂದರೆ 'ಆನಂದ'ರ, 'ನಾನು ಕೊಂದ ಹುಡುಗಿ'ಯನ್ನು ಮತ್ತೆ ಓದಬೇಕು. ಹಳ್ಳಿಯ ಮನೆಯೊಂದರ ವಿದ್ಯಾವಂತ ಅತಿಥಿ, ಬಸವಿಯಾಗಿ ಬಿಟ್ಟ ಹುಡುಗಿಗೆ ಅವಳ ಆಚರಣೆ ಸುಳ್ಳೆಂದು ತಿಳಿಹೇಳುತ್ತಾನೆ. ಅವನು ಹೇಳಿದ್ದು ನಿಜ. ಹುಡುಗಿ ಬದುಕಿ ಉಳಿಯುವುದಿಲ್ಲ. ಆನಂದರು ಆ ಕಥೆಯ ಹೆಸರಿನ ಮೊದಲ ಪದವಾಗಿ ಇಟ್ಟದ್ದು 'ನಾನು'.