ಔಷಧ ಆರಿಸುವಾಗ ರೋಗಿಯನ್ನೂ ಕೇಳಿ

ಕ್ರೋನ್ಸ್ ಕಾಯಿಲೆ ಎಂದರೆ ನಮ್ಮ ಬೆಳ್ಳಾವಿಯಲ್ಲಿ ಬಹಳ ಜನ 'ಅದೇನು, ಕೊರೊನಾನಾ?' ಎಂದು ಕೇಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಡಾ. ಬರ್ರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯ ಬಗ್ಗೆ ಬರೆದರು, ಅವರ ಹೆಸರೇ ಅದಕ್ಕೆ ಉಳಿಯಿತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇದರಲ್ಲಿ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೊಟ್ಟೆನೋವು, ಭೇದಿ, ಸುಸ್ತು, ತೂಕ ಇಳಿಯುವುದು ಇದರ ಲಕ್ಷಣಗಳು. ಹೆಚ್ಚಿನವರಿಗೆ ಶುರುವಾಗುವುದು ಓದುವ, ಕೆಲಸ ಹುಡುಕುವ ವಯಸ್ಸಿನಲ್ಲೇ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಹತೋಟಿಯಲ್ಲಿ ಇಡುವ ಮದ್ದುಗಳು ಮಾತ್ರ ಹಲವಾರು ಇವೆ.

ಆ 'ಹಲವಾರು' ಎಂಬುದೇ ನನ್ನ ಈ ಬರಹಕ್ಕೆ ಕಾರಣ. ನನಗೀಗ 24 ವರ್ಷ. ಕಾಯಿಲೆ ಬಂದು ಎರಡು ವರ್ಷ ಕಳೆಯಿತು. ಈ ಅವಧಿಯಲ್ಲಿ ನಾನು ಕಂಡುಕೊಂಡ ವಿಷಯ ಒಂದೇ: ಇಂಥ ದೀರ್ಘಕಾಲದ ಕಾಯಿಲೆಯಲ್ಲಿ ಯಾವ ಔಷಧ ಎಂಬ ತೀರ್ಮಾನ ಚೀಟಿಯ ಮೇಲೆ ಎರಡು ನಿಮಿಷದಲ್ಲಿ ಆಗಬಾರದು. ವೈದ್ಯರಿಗೆ ಕರುಳು ಗೊತ್ತು. ಆದರೆ ಆ ಕರುಳನ್ನು ಹೊತ್ತುಕೊಂಡು ಬಸ್ಸು ಹತ್ತುವ, ಪರೀಕ್ಷೆ ಬರೆಯುವ, ಮನೆಯ ಖರ್ಚು ಲೆಕ್ಕ ಹಾಕುವ ಬದುಕು ರೋಗಿಗೆ ಮಾತ್ರ ಗೊತ್ತು. ಎರಡೂ ಕೂತು ಮಾತನಾಡಿದರೆ ಮಾತ್ರ ಸರಿಯಾದ ಆಯ್ಕೆ ಸಾಧ್ಯ.

ನಮ್ಮ ದೇಶದಲ್ಲಿ ಮೊದಲ ತೊಡಕು ಕಾಯಿಲೆಯನ್ನು ಗುರುತಿಸುವುದರಲ್ಲೇ ಇದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಅವಳಿ ಮಕ್ಕಳಂತೆ. ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲೇ ಹುಣ್ಣು ಮಾಡುತ್ತವೆ. ಬಯಾಪ್ಸಿಯಲ್ಲೂ ಕೆಲವೊಮ್ಮೆ ಖಚಿತವಾಗುವುದಿಲ್ಲ. ಹಾಗಾಗಿ ನನಗೂ ಮೊದಲು ಕೊಟ್ಟಿದ್ದು ಕ್ಷಯದ ಮಾತ್ರೆ. ಕೆಲವು ತಿಂಗಳ ನಂತರ ಮತ್ತೆ ಕೊಲೊನೊಸ್ಕೋಪಿ ಮಾಡಿದಾಗ ಹುಣ್ಣು ಹಾಗೇ ಇತ್ತು. ಆಗ ಕ್ರೋನ್ಸ್ ಎಂದು ತೀರ್ಮಾನವಾಯಿತು. ಸಂಬಂಧಿಕರು 'ಡಾಕ್ಟ್ರು ತಪ್ಪು ಔಷಧ ಕೊಟ್ರು' ಎಂದು ಸಿಟ್ಟಾದರು. ನನಗೆ ಹಾಗೆ ಅನಿಸಲಿಲ್ಲ. ಕ್ರೋನ್ಸ್‌ಗೆ ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕ್ಷಯ ಇರುವವರಿಗೆ ಅದನ್ನು ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಎಚ್ಚರಿಕೆಗೆ ಕಳೆದ ಆ ತಿಂಗಳುಗಳು ವ್ಯರ್ಥವಲ್ಲ. ಆದರೆ ಹೀಗೇಕೆ ಮಾಡುತ್ತಿದ್ದೇವೆ ಎಂದು ಯಾರಾದರೂ ಮೊದಲೇ ನಮ್ಮ ಅಪ್ಪನಿಗೆ ಬಿಡಿಸಿ ಹೇಳಿದ್ದರೆ ಮನೆಯಲ್ಲಿ ಅಷ್ಟು ಅನುಮಾನ, ಅಷ್ಟು ಜಗಳ ಇರುತ್ತಿರಲಿಲ್ಲ.

ಇನ್ನು ಔಷಧಗಳ ವಿಷಯ. ಸರಳವಾಗಿ ಹೇಳುವುದಾದರೆ ಇಲ್ಲಿ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ ಸ್ಟೀರಾಯ್ಡ್. ಬೆಲೆ ಕಡಿಮೆ, ಕೆಲಸ ಬೇಗ. ನಾಲ್ಕು ದಿನದಲ್ಲಿ ಹಸಿವು ಬರುತ್ತದೆ, ನೋವು ಇಳಿಯುತ್ತದೆ. ಈ ಸುಖವೇ ಅಪಾಯ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ನಿಧಾನವಾಗಿ ಹಿಂದೆ ಬರುತ್ತವೆ. ಉರಿಯುವ ಬೆಂಕಿ ಆರಿಸಲು ಸ್ಟೀರಾಯ್ಡ್ ಸರಿ, ವರ್ಷಗಟ್ಟಲೆ ನುಂಗಲು ಅಲ್ಲ. ಹಾಗೆಂದು ತಾವಾಗಿಯೇ ತಟ್ಟನೆ ನಿಲ್ಲಿಸುವುದೂ ಅಪಾಯವೇ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಮುಂದಿನ ಮೆಟ್ಟಿಲು ಅಜಥಿಯೋಪ್ರಿನ್. ಇದೂ ಮಾತ್ರೆ, ಬಡವರ ಕೈಗೆಟುಕುವಂಥದ್ದು. ಪೂರ್ತಿ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಇದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ನಮ್ಮ ಏಷ್ಯಾದವರಲ್ಲಿ ಇದಕ್ಕೆ ಎನ್‌ಯುಡಿಟಿ15 ಎಂಬ ಜೀನಿನ ಒಂದು ವ್ಯತ್ಯಾಸ ಮುಖ್ಯ ಕಾರಣ ಎಂದು 2014ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ಆ ಜೀನ್ ಪರೀಕ್ಷೆ ಮಾಡಿಸಲು ಆಗದವರು ಕನಿಷ್ಠ ಪಕ್ಷ ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಮಾತ್ರೆ ಅಗ್ಗ ಎಂದು ರಕ್ತಪರೀಕ್ಷೆ ಬಿಟ್ಟರೆ ಅಗ್ಗವಾಗಿದ್ದು ದುಬಾರಿಯಾಗುತ್ತದೆ. ಇದೇ ಸಾಲಿನ ಮೆಥೊಟ್ರೆಕ್ಸೇಟ್ ಕೂಡ ಅಗ್ಗ. ಆದರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ಔಷಧ ಅದು. ಹೆಣ್ಣುಮಕ್ಕಳಿಗೆ ಬರೆಯುವ ಮೊದಲು ಈ ಮಾತು ಬಾಯಿಬಿಟ್ಟು ಆಗಲೇಬೇಕು.

ಮೇಲಿನ ಮೆಟ್ಟಿಲಲ್ಲಿ ಬಯೋಲಾಜಿಕ್ ಎಂಬ ಇಂಜೆಕ್ಷನ್‌ಗಳಿವೆ. ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದ್ದು 1998ರಲ್ಲಿ. ಇದನ್ನು ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಮೊದಲ ಮೂರು ಡೋಸ್ ಆದಮೇಲೆ ಎಂಟು ವಾರಕ್ಕೊಮ್ಮೆ. ಅಡಾಲಿಮುಮ್ಯಾಬ್ ಎರಡು ವಾರಕ್ಕೊಮ್ಮೆ ಮನೆಯಲ್ಲೇ ಚರ್ಮದಡಿ ಚುಚ್ಚಿಕೊಳ್ಳುವಂಥದ್ದು. ಅಡಾಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧಕ್ಕೆ ಸರಿಸಮನಾದ ಕಡಿಮೆ ಬೆಲೆಯ ರೂಪ, ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ಬಂದಿದ್ದು ನಮ್ಮ ದೇಶದಲ್ಲಿ. 2014ರ ಡಿಸೆಂಬರ್‌ನಲ್ಲಿ ಝೈಡಸ್ ಕ್ಯಾಡಿಲಾ ಕಂಪನಿ ಅದನ್ನು ತಂದಿತು. ಬೆಲೆ ಇಳಿಯಿತು, ನಿಜ. ಆದರೂ ತೆಂಗು ನಂಬಿದ ಮನೆಗೆ ಅದು ಈಗಲೂ ಭಾರವೇ.

ಹಾಗಾದರೆ ಕೆಳಗಿನ ಮೆಟ್ಟಿಲಿಂದ ಹತ್ತಬೇಕೋ, ನೇರ ಮೇಲಕ್ಕೆ ಹೋಗಬೇಕೋ? 2024ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಪ್ರೊಫೈಲ್' ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಮಂದಿಯಲ್ಲಿ ಒಂದು ಗುಂಪಿಗೆ ಮೊದಲೇ ಇನ್‌ಫ್ಲಿಕ್ಸಿಮ್ಯಾಬ್ ಜತೆಗೆ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿಗೆ ಕಾಯಿಲೆ ಕೆರಳಿದಂತೆಲ್ಲ ಒಂದೊಂದೇ ಮೆಟ್ಟಿಲು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ 79ರಷ್ಟು ಮಂದಿ ಸ್ಟೀರಾಯ್ಡ್, ಶಸ್ತ್ರಚಿಕಿತ್ಸೆ ಇಲ್ಲದೆ ಹತೋಟಿಯಲ್ಲಿದ್ದರು. ಎರಡನೆಯದರಲ್ಲಿ ಶೇ 15ರಷ್ಟು ಮಾತ್ರ. ಅಂತರ ಸಣ್ಣದಲ್ಲ.

ಈ ಅಂಕಿ ಓದಿದಾಗ ನನಗೂ ತಕ್ಷಣ ಇಂಜೆಕ್ಷನ್ ಬೇಕೆನಿಸಿತು. ಆದರೆ ಅಲ್ಲಿನವರ ಖರ್ಚು ನೋಡಿಕೊಳ್ಳಲು ಅಲ್ಲಿನ ಸರ್ಕಾರದ ಆರೋಗ್ಯ ಸೇವೆ ಇದೆ. ಕ್ಷಯ ನಮ್ಮಲ್ಲಿ ಇರುವಷ್ಟು ಅಲ್ಲಿಲ್ಲ. ಬ್ರಿಟನ್ನಿನ ಫಲಿತಾಂಶವನ್ನು ಬೆಳ್ಳಾವಿಗೆ ಹಾಗೇ ಎತ್ತಿಡಲು ಆಗುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಮೊದಲ ಪ್ರಶ್ನೆ: ಇದನ್ನು ನಿಲ್ಲಿಸದೆ ಎಷ್ಟು ದಿನ ಕೊಳ್ಳಬಲ್ಲೆವು? ಬಯೋಲಾಜಿಕ್‌ಗಳನ್ನು ದುಡ್ಡಿದ್ದಾಗ ಹಾಕಿಸಿ, ಇಲ್ಲದಾಗ ಬಿಟ್ಟರೆ ದೇಹ ಆ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಿಕೊಳ್ಳುವ ಸಂಭವ ಹೆಚ್ಚು. ಆಮೇಲೆ ದುಡ್ಡು ಬಂದರೂ ಆ ಔಷಧ ಕೆಲಸ ಮಾಡದೇ ಹೋಗಬಹುದು. ನಮ್ಮ ಕಡೆಯ ಮನೆಗಳಲ್ಲಿ ಆದಾಯ ಬರುವುದು ಕಾಯಿ ಕೆಡವಿದಾಗ, ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಬಂದಾಗ. ಇಂಜೆಕ್ಷನ್ ಬೇಕಾಗುವುದು ಎರಡು ವಾರಕ್ಕೊಮ್ಮೆ. ಕೊಬ್ಬರಿ ದರ ಕುಸಿಯಿತೆಂದು ಕರುಳು ಕಾಯುವುದಿಲ್ಲ. ಆದ್ದರಿಂದ ಮೊದಲ ಮೂರು ಡೋಸಿಗೆ ದುಡ್ಡಿದೆಯೇ ಎಂದಲ್ಲ, ಮುಂದಿನ ಎರಡು ವರ್ಷಕ್ಕೆ ಇದೆಯೇ ಎಂದು ಲೆಕ್ಕ ಹಾಕಬೇಕು.

ಎರಡನೆಯದು ದೂರ ಮತ್ತು ಕರೆಂಟು. ಡ್ರಿಪ್ ಎಂದರೆ ಬೆಂಗಳೂರಿಗೆ ಒಂದು ದಿನ, ಜತೆಗೊಬ್ಬರು, ಇಬ್ಬರ ಕೂಲಿ ಅಥವಾ ರಜೆ. ಮನೆಯಲ್ಲೇ ಚುಚ್ಚಿಕೊಳ್ಳುವುದಾದರೆ ಇಂಜೆಕ್ಷನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ತುಮಕೂರಿನಿಂದ ಬಸ್ಸಿನಲ್ಲಿ ತರಲು ಐಸ್ ಡಬ್ಬಿ ಬೇಕು, ಮನೆಯಲ್ಲಿ ಫ್ರಿಜ್ ಬೇಕು, ಫ್ರಿಜ್‌ಗೆ ಕರೆಂಟು ಬೇಕು. ಬೇಸಿಗೆಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆಂದು ನಗರದ ವೈದ್ಯರಿಗೆ ಹೇಗೆ ತಿಳಿಯಬೇಕು? ನಾವೇ ಹೇಳಬೇಕು.

ಮೂರನೆಯದು ಮದುವೆ, ಮಕ್ಕಳು. ಇದನ್ನು ಕೇಳಲು ಹುಡುಗಿಯರಿಗೆ ನಾಚಿಕೆ, ಮನೆಯವರಿಗೆ ಭಯ. 'ಇಂಜೆಕ್ಷನ್ ಶುರು ಮಾಡಿದರೆ ಗಂಡು ಸಿಗುವುದಿಲ್ಲ' ಎಂದು ನನ್ನೆದುರೇ ಹೇಳಿದವರಿದ್ದಾರೆ. ನಿಜಸ್ಥಿತಿ ಬೇರೆ. ಅಜಥಿಯೋಪ್ರಿನ್, ಅಡಾಲಿಮುಮ್ಯಾಬ್ ಅನ್ನು ಗರ್ಭಿಣಿಯರಲ್ಲೂ ಸಾಮಾನ್ಯವಾಗಿ ವೈದ್ಯರ ನಿಗಾದಲ್ಲಿ ಮುಂದುವರಿಸುತ್ತಾರೆ. ಹತೋಟಿಯಲ್ಲಿಲ್ಲದ ಕಾಯಿಲೆಯೇ ತಾಯಿಗೂ ಮಗುವಿಗೂ ಹೆಚ್ಚಿನ ಅಪಾಯ. ಈಚೆಗೆ ಬಂದಿರುವ ಉಪಾಡಾಸಿಟಿನಿಬ್ ಮಾತ್ರೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ ಎಂದು ಆಕರ್ಷಕವಾಗಿ ಕಾಣುತ್ತದೆ. ಆದರೆ ಅದನ್ನು ಬಸುರಿನಲ್ಲಿ ತೆಗೆದುಕೊಳ್ಳುವಂತಿಲ್ಲ.

ಶಸ್ತ್ರಚಿಕಿತ್ಸೆ ಎಂದರೆ ಸೋಲು ಎಂಬ ಭಾವನೆಯೂ ನಮ್ಮಲ್ಲಿದೆ. ಸಣ್ಣ ಕರುಳಿನ ಕೊನೆಯ ಚಿಕ್ಕ ಭಾಗದಲ್ಲಿ ಮಾತ್ರ ಕಾಯಿಲೆ ಇದ್ದವರಲ್ಲಿ ಆ ಭಾಗವನ್ನು ತೆಗೆಯುವುದು, ಇನ್‌ಫ್ಲಿಕ್ಸಿಮ್ಯಾಬ್ ಕೊಡುವುದು ಎರಡನ್ನೂ ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನ ವೈದ್ಯರು ಹೋಲಿಸಿ ನೋಡಿದರು. ವರ್ಷದ ನಂತರ ಇಬ್ಬರ ಬದುಕಿನ ಗುಣಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ಬರೆದರು. ಹಾಗಾಗಿ ಅದನ್ನೂ ಒಂದು ಆಯ್ಕೆಯಾಗಿ ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ.

ನನ್ನ ವಿಷಯಕ್ಕೆ ಬಂದರೆ, ಒಂದು ವರ್ಷದ ಅಜಥಿಯೋಪ್ರಿನ್ ನಂತರವೂ ಹುಣ್ಣು ಮಾಯಲಿಲ್ಲ. ಕಾಯಿಲೆ ಒಂದೇ ಚಿಕ್ಕ ಜಾಗದಲ್ಲಿ ಇರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಈಗ ಬೇಡವೆಂದು ತೀರ್ಮಾನವಾಯಿತು. ಮನೆಯವರೆಲ್ಲ ಕೂತು ಲೆಕ್ಕ ಹಾಕಿ, ವೈದ್ಯರ ಮುಂದೆ ಮೇಲಿನ ಪ್ರಶ್ನೆಗಳನ್ನೆಲ್ಲ ಇಟ್ಟು, ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಇನ್ನೊಮ್ಮೆ ಮಾಡಿಸಿ, ಬೇಕಾದ ಲಸಿಕೆ ಹಾಕಿಸಿಕೊಂಡು ಅಡಾಲಿಮುಮ್ಯಾಬ್ ಬಯೋಸಿಮಿಲರ್ ಆರಿಸಿಕೊಂಡೆವು. ಬೆಂಗಳೂರಿನ ಓಡಾಟ ಉಳಿಯುತ್ತದೆ, ಅಣ್ಣನ ಸಂಬಳದಿಂದ ತಿಂಗಳು ತಿಂಗಳು ಕೊಳ್ಳಬಹುದು, ಮುಂದೆ ಮದುವೆಯಾದರೂ ನಿಲ್ಲಿಸಬೇಕಾಗಿಲ್ಲ ಎಂಬುವು ನಮ್ಮ ಕಾರಣಗಳು. ಅಣ್ಣನ ಸಂಬಳವಿಲ್ಲದ ಮನೆಯಲ್ಲಿ ಇದೇ ಕಾಯಿಲೆಗೆ ಬೇರೆ ತೀರ್ಮಾನ ಸರಿಯಿರಬಹುದು.

ಇಲ್ಲೇ ನನ್ನ ತಕರಾರೂ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿದ್ದು ಔಷಧ ತೆಗೆದುಕೊಂಡು ಕರುಳು ಉಳಿಸಿಕೊಳ್ಳುವವರ ತಿಂಗಳ ಖರ್ಚು ಹೆಚ್ಚಾಗಿ ಅವರ ಕೈಯಿಂದಲೇ ಹೋಗುತ್ತದೆ. ಬಾವಿಗೆ ಬಿದ್ದ ಮೇಲೆ ಹಗ್ಗ ಕೊಡುವ ಬದಲು ಕಟ್ಟೆ ಕಟ್ಟಿಸುವುದು ಅಗ್ಗವಲ್ಲವೇ? ಜೀವನಪರ್ಯಂತ ಔಷಧ ಕೊಡುವುದು ನಮ್ಮ ಸರ್ಕಾರಿ ವ್ಯವಸ್ಥೆಗೆ ಹೊಸದೇನಲ್ಲ. 2004ರಿಂದ ಎಚ್‌ಐವಿ ಪೀಡಿತರಿಗೆ ಉಚಿತ ಮಾತ್ರೆ ಸಿಗುತ್ತಿದೆ. ಜಿಲ್ಲಾಸ್ಪತ್ರೆಗಳ ಮೂಲಕ ಬಯೋಸಿಮಿಲರ್ ಔಷಧವನ್ನು ಕಡಿಮೆ ಬೆಲೆಗೆ, ತಂಪು ಕೆಡದಂತೆ ಕೊಡುವ ವ್ಯವಸ್ಥೆ ಅದೇ ದಾರಿಯಲ್ಲಿ ಆಗಬಹುದು. ಸಂಧಿವಾತದ ಕೆಲವು ರೋಗಿಗಳಿಗೂ ಇದೇ ಇಂಜೆಕ್ಷನ್ ಬೇಕು. ಫಲಾನುಭವಿಗಳು ನಾವು ನಾಲ್ಕು ಜನ ಮಾತ್ರ ಅಲ್ಲ.

ಸರ್ಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ನೋವೆಂದು ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೇಳಿ ನುಂಗಬೇಡಿ, ಅವು ಕಾಯಿಲೆಯನ್ನು ಕೆರಳಿಸಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಕ್ರೋನ್ಸ್ ಇನ್ನಷ್ಟು ಉಲ್ಬಣಿಸುತ್ತದೆ. ವಾರಗಟ್ಟಲೆ ಭೇದಿ, ಹೊಟ್ಟೆನೋವು, ತೂಕ ಇಳಿಕೆ ಇದ್ದರೆ 'ಗ್ಯಾಸ್ಟ್ರಿಕ್' ಎಂದು ಸುಮ್ಮನಿರಬೇಡಿ. ವೈದ್ಯರ ಬಳಿ ಹೋಗುವಾಗ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಈ ಔಷಧ ಎಷ್ಟು ದಿನಕ್ಕೆ ಕೆಲಸ ಮಾಡುತ್ತದೆ? ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ? ತಿಂಗಳ ಖರ್ಚೆಷ್ಟು? ಒಂದು ಡೋಸ್ ತಪ್ಪಿದರೆ ಏನು? ಇದು ನಾಟದಿದ್ದರೆ ಮುಂದೇನು?

ಪ್ರಶ್ನೆ ಕೇಳುವುದು ವೈದ್ಯರಿಗೆ ಅಗೌರವ ತೋರಿದಂತಲ್ಲ. ಉತ್ತರ ತಿಳಿದ ರೋಗಿ ಡೋಸ್ ತಪ್ಪಿಸುವುದಿಲ್ಲ, ಅರ್ಧಕ್ಕೆ ಬಿಡುವುದಿಲ್ಲ. ಅದರಿಂದ ವೈದ್ಯರ ಕೆಲಸವೂ ಹಗುರ.