ರಾಣಿಯ ಹೆಸರು, ಹಿಂದಿನ ಸೀಟು

ನಮ್ಮ ಮಾವನವರಿಗೆ ಅಂಗಳದಲ್ಲಿ ನಿಂತ ಪದ್ಮಿನಿ ಕಾರಿನ ಮೇಲೆ ಎಲ್ಲಿಲ್ಲದ ಅಭಿಮಾನವಿತ್ತು. ‘ಇದು ಇಟಲಿ ಕುಲದ್ದು’ ಎಂದು ಬಂದವರೆದುರು ಶುರು ಮಾಡಿದರೆಂದರೆ ನಾನು ಎರಡನೆಯ ಸಲ ಚಹಾ ಇಡಬೇಕು. ಕುಲ ವಿಚಾರಿಸುವ ಚಟ ನಮ್ಮವರಿಗೆ ವರನ ವಿಷಯದಲ್ಲೂ ಉಂಟು, ವಾಹನದ ವಿಷಯದಲ್ಲೂ ಉಂಟು!

ಅವರ ಮಾತೇನೂ ಸುಳ್ಳಲ್ಲ. ಇಟಲಿಯ ಫಿಯೆಟ್ ಕಂಪನಿ 1953ರಲ್ಲಿ 1100-103 ಎಂಬ ಕಾರು ಹೊರತಂದಿತು. ಅದರ ವಿನ್ಯಾಸದ ಹಿಂದಿದ್ದವರು ದಾಂತೆ ಜಿಯಾಕೋಸಾ. ‘ತುರಿಸ್ಮೊ ವೆಲೋಚೆ’, ಅಂದರೆ ವೇಗದ ಪ್ರವಾಸ, ಎಂಬ ಚುರುಕಿನ ತಂಗಿಯೂ ಅದರ ಬೆನ್ನಿಗೇ ಹುಟ್ಟಿದಳು. ಅದೇ ವಂಶದ 1100 ಡಿಲೈಟ್ 1964ರಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿತು. ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲಚಂದ ಹಿರಾಚಂದರು ನಮ್ಮ ನೆರೆಯ ಸೊಲ್ಲಾಪುರದವರು. 1974ರಲ್ಲಿ ಆ ಕಾರಿಗೆ ಚಿತ್ತೋರದ ರಾಣಿ ಪದ್ಮಿನಿಯ ಹೆಸರು ಬಂತು.

ಸರಿ, ರಾಣಿಯ ಹೆಸರಿಟ್ಟವರು ಮನೆಯ ರಾಣಿಯರನ್ನು ಎಲ್ಲಿ ಕೂಡಿಸಿದರು? ಹಿಂದಿನ ಸೀಟಿನಲ್ಲಿ. ತೊಡೆಯ ಮೇಲೊಂದು ಮಗು, ಕಾಲಡಿಗೆ ಬುತ್ತಿಯ ಗಂಟು.

1996ರ ವೈಶಾಖದಲ್ಲಿ ಮದುವೆಗೆಂದು ಕಮಲಾಪುರಕ್ಕೆ ಹೊರಟಿದ್ದೆವು. ನಡುದಾರಿಯಲ್ಲಿ ಕಾರು ನಿಂತಿತು. ಗಂಡಸರು ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಏನಾಗ್ಯದರಿ?’ ಎಂದೆ. ‘ನಿನಗ್ಯಾಕ ಅದು? ಒಳಗ ಕೂಡು’ ಎಂದರು ನಮ್ಮ ಮನೆಯವರು. ಮಗಳ ಮುಖ ಬಿಸಿಲಿಗೆ ಕೆಂಪೇರಿತು. ಒಂದು ತಾಸಿನ ಮೇಲೆ ಲಾರಿಯವನೊಬ್ಬ ನಿಲ್ಲಿಸಿ, ಬಟ್ಟೆ ತೋಯಿಸಿ ಪೆಟ್ರೋಲ್ ಪಂಪಿನ ಮೇಲೆ ಹಾಕಿದ. ತುಸು ಹೊತ್ತಿಗೆ ಕಾರು ಚಾಲೂ ಆಯಿತು. ಆ ತಾಸೆಲ್ಲ ನೀರಿನ ತಂಬಿಗೆ, ಹೆಗಲ ಬಟ್ಟೆ ಎರಡೂ ನನ್ನ ಹತ್ತಿರವೇ ಇದ್ದವು!

ಮರುವಾರ ಮೋಮಿನಪುರದ ಗ್ಯಾರೇಜಿಗೆ ನಾನೇ ಹೋದೆ. ಮುದುಕ ಮಿಸ್ತ್ರಿ ಚಾಚಾ ನಗಲಿಲ್ಲ. ಬಾನೆಟ್ ಎತ್ತಿ ತೋರಿಸಿದರು. ನಾಲ್ಕು ಸಿಲಿಂಡರ್, 1089 ಸಿಸಿಯ ಎಂಜಿನ್ ಮುಂದೆ. ಅದು ಎಳೆಯುವುದು ಹಿಂದಿನ ಗಾಲಿಗಳನ್ನು. ಪಂಪು ಎಂಜಿನಿನ ಬಗಲಿಗೇ ಕೂತಿದೆ. ಕಾವು ಹೆಚ್ಚಾದರೆ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನು ದಬ್ಬಬಲ್ಲದು, ಆವಿಯನ್ನಲ್ಲ. ತಂಪು ಮಾಡಿದರೆ ಆವಿ ಮತ್ತೆ ಪೆಟ್ರೋಲಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ದಿನವೂ ಕಾಣುವ ಸಂಗತಿ! ‘ಇಟಲಿದು ಅಂತ ಎಲ್ಲಾರೂ ಹೇಳ್ತಾರ ಬೇಟಿ. ಗುಲ್ಬರ್ಗಾದ ಬಿಸಿಲು ಅದಕ್ಕೇನು ಗೊತ್ತು?’ ಎಂದರು ಚಾಚಾ.

ಇದರಲ್ಲಿ ಹೆಂಗಸಿಗೆ ತಿಳಿಯದ ಗುಟ್ಟು ಯಾವುದು, ಹೇಳಿ. ಕ್ಲಚ್ ಒತ್ತಲು ನಮಗೆ ಕಸುವಿಲ್ಲವಂತೆ. ತುಂಬಿದ ಕೊಡ ಹೊತ್ತು ಮೆಟ್ಟಿಲು ಏರುವವರು ಯಾರು? ಕುಲದ ಕತೆ ಬಾಯಿಪಾಠವಿದ್ದ ಮಾತ್ರಕ್ಕೆ ಯಂತ್ರ ಒಲಿಯುವುದಿಲ್ಲ. ತಿಳಿದವರಿಗೆ ಒಲಿಯುತ್ತದೆ. ನಮಗೆ ತಿಳಿಯದಂತೆ ಇಟ್ಟು, ತಿಳಿಯದವಳೆಂದು ಹಂಗಿಸುವುದು ಯಾವ ನ್ಯಾಯ?

ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕ ದಾಟಿತು. ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದಲೂ 2023ರ ಅಕ್ಟೋಬರಿನಲ್ಲಿ ಅದು ಮರೆಯಾಯಿತು. ಮೊನ್ನೆ ಮಗಳು ತನ್ನ ಸಂಬಳದಲ್ಲಿ ಕಾರು ಕೊಳ್ಳಲು ಹೋದಳು. ಅಂಗಡಿಯ ಹುಡುಗ ಎಂಜಿನಿನ ಮಾತೆಲ್ಲ ಅಳಿಯನಿಗೆ ಹೇಳಿ, ‘ಮೇಡಂ, ಯಾವ ಬಣ್ಣ?’ ಎಂದು ಇವಳನ್ನು ಕೇಳಿದನಂತೆ. ‘ಮೊದಲು ಬಾನೆಟ್ ತಗೀರಿ’ ಎಂದಳಂತೆ ಮಗಳು.

ಅಕ್ಕತಂಗಿಯರೇ, ನೀವೂ ತೆಗೆಸಿರಿ.